ಫ್ರಿಜ್ಜಿನ ಅಕ್ಷರ, ಹಿತಕಬೇಳೆಯ ಕವರು

ಅತ್ತೆಯವರಿಗೆ,

ನಿಮ್ಮ ಸೊಸೆ ಶೈಲಾ ಮಾಡುವ ನಮಸ್ಕಾರ. ನಾವಿಲ್ಲಿ ಮೂವರೂ ಚೆನ್ನಾಗಿದ್ದೇವೆ. ನಿಮ್ಮ ಕಡೆಯ ಸಮಾಚಾರಕ್ಕೆ ಕಾಗದ ಹಾಕಿ ಅಂತ ಬರೆಯುವ ಹಾಗಿಲ್ಲವಲ್ಲ, ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ಫ್ರಿಜ್ಜು ಕೈಕೊಟ್ಟಿತ್ತು. ಗಾಬರಿಯಾಗಬೇಡಿ, ಈಗ ಸರಿಹೋಗಿದೆ. ಆದರೆ ಆ ಮೂರು ನಾಲ್ಕು ದಿನ ಮನೆಯಲ್ಲಿ ಏನೇನಾಯಿತು ಅಂತ ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ? ನಿಮ್ಮ ಮಗನಿಗೆ ಹೇಳಹೋದರೆ ಆಯ್ತಲ್ಲ ಬಿಡು ಅನ್ನುತ್ತಾರೆ. ಪುಟ್ಟಿಗೆ ಪರೀಕ್ಷೆ ಹತ್ತಿರ ಬಂದಿದೆ. ನಾನು ಸ್ಕೂಲಿಂದ ಬಂದು ಚಪ್ಪಲಿ ಬಿಡುವಾಗ ಶುರು ಮಾಡಿದ ಮಾತನ್ನು ಕೊನೆಯವರೆಗೂ, ನಡುನಡುವೆ ಬಾಯಿ ಹಾಕುತ್ತಲಾದರೂ, ಪೂರ್ತಿ ಕೇಳುತ್ತಿದ್ದವರು ಈ ಮನೆಯಲ್ಲಿ ನೀವೊಬ್ಬರೇ.

ನಮ್ಮ ಮೊದಲನೇ ಫ್ರಿಜ್ಜು ಬಂದದ್ದು ನೆನಪಿದೆಯಾ? ನಾನು ಈ ಚಾಮರಾಜಪೇಟೆಯ ಮನೆಗೆ ಬಂದು ಎರಡೋ ಮೂರೋ ವರ್ಷವಾಗಿತ್ತು. ತೊಂಬತ್ತರ ದಶಕ. ನಮ್ಮ ಬೀದಿಯಲ್ಲಿ ಮುಕ್ಕಾಲು ಮನೆಗಳಿಗೆ ಫ್ರಿಜ್ಜು ಬಂದಾಗಿತ್ತು, ನೀವು ಮಾತ್ರ ಬೇಡವೇ ಬೇಡ ಅಂತ ಹಟ ಹಿಡಿದಿದ್ದಿರಿ. ಅನ್ನದ ಪಾತ್ರೆ ಮುಟ್ಟಿದರೆ ಕೈ ತೊಳೆಯದೆ ಹಾಲು ಮೊಸರು ಮುಟ್ಟುವ ಹಾಗಿಲ್ಲದ ಮನೆ ಇದು. ಎರಡನ್ನೂ ಒಂದೇ ಬಾಗಿಲ ಹಿಂದೆ ಇಟ್ಟರೆ ಎಲ್ಲ ಮುಸುರೆಯಾಗಿ ಹೋಗುವುದಿಲ್ಲವಾ ಅನ್ನುವುದು ನಿಮ್ಮ ವಾದ. ಕೊನೆಗೆ ನೀವೇ ಒಂದು ದಾರಿ ಹುಡುಕಿದಿರಿ. ಮೇಲಿನ ತಟ್ಟೆ ಹಾಲು ಮೊಸರಿಗೆ, ಕೆಳಗಿನದು ಮುಸುರೆಗೆ, ನಡುವಿನದು ಯಾವುದಕ್ಕೂ ಇಲ್ಲ. ಅಲ್ಲಿ ಒಂದು ನಿಂಬೆಹಣ್ಣೂ ಇಡಕೂಡದು. ಇಡೀ ಚಾಮರಾಜಪೇಟೆಯಲ್ಲಿ ನಡುವಿನ ತಟ್ಟೆ ಖಾಲಿ ಬಿಟ್ಟುಕೊಂಡು, ಫ್ರಿಜ್ಜಿನಲ್ಲಿ ಜಾಗ ಸಾಲದು ಅಂತ ಒದ್ದಾಡುತ್ತಿದ್ದವರು ನಾವೇ ಇರಬೇಕು. ನಾನು ಎಷ್ಟು ಮೂತಿ ಉಬ್ಬಿಸಿದೆ, ನೀವು ಜಗ್ಗಲಿಲ್ಲ.

ಆಮೇಲೆ ಪುಟ್ಟಿ ಸ್ಕೂಲಿಗೆ ಸೇರಿದ ಮೇಲೆ ಬಂತಲ್ಲ ಎರಡು ಬಾಗಿಲಿನ ಹೊಸದು, ಬಾಗಿಲ ಮೇಲೆ ನೀಲಿ ದೀಪದಲ್ಲಿ ಅಂಕಿ ತೋರಿಸುವಂಥದ್ದು. ಹಳೆಯದರ ಒಳಗೆ ಒಂದು ತಿರುಪು ಇರುತ್ತಿತ್ತು. ಬೇಸಿಗೆ ಬಂದರೆ ಏಳಕ್ಕೆ ತಿರುಗಿಸಿ, ಚಳಿಗಾಲಕ್ಕೆ ಮೂರಕ್ಕೆ ತರುತ್ತಿದ್ದಿರಿ. ಹೊಸದರ ಬಾಗಿಲಲ್ಲಿ 3 ಅಂತ ಕಂಡ ತಕ್ಷಣ, ಏಪ್ರಿಲ್ ತಿಂಗಳಲ್ಲಿ ಮೂರು ಏನು ಸಾಕಾಗುತ್ತೆ ಅಂತ ಗುಂಡಿ ಒತ್ತಿ ಒತ್ತಿ 7ಕ್ಕೆ ತಂದು ನಿಲ್ಲಿಸಿದಿರಿ. ಮಾರನೇ ದಿನ ಹಾಲು ಒಡೆಯಿತು. ಇನ್ನೂ ಸಾಲದು ಅಂತ ನೀವು ಎಂಟಕ್ಕೆ ಏರಿಸಿದಿರಿ. ಮೊಸರು ಹುಳಿಯಾಗಿ ಉಕ್ಕಿತು. ಅಂಗಡಿಯವನು ಮೋಸ ಮಾಡಿದ ಅಂತ ನೀವು ಶಾಪ ಹಾಕುತ್ತಿದ್ದಾಗ ಪುಟ್ಟಿ ಬಂದು, ಅಜ್ಜಿ, ಇದು ಒಳಗಿನ ಡಿಗ್ರಿ, ಕಮ್ಮಿ ಆದಷ್ಟೂ ತಣ್ಣಗೆ ಅಂತ ತಿಳಿಸಿ ಹೇಳಿದಳು. ನೀವು ಸೊಂಟದ ಮೇಲೆ ಕೈಯಿಟ್ಟುಕೊಂಡು ಆ ಬಾಗಿಲನ್ನು ನೋಡಿದ್ದು ನನಗೆ ಹಾಗೇ ಕಣ್ಣಿಗೆ ಕಟ್ಟಿದೆ.

"ಅದರಲ್ಲಿ ಏಳು ಅಂದ್ರೆ ಜಾಸ್ತಿ ತಣ್ಣಗೆ, ಇದರಲ್ಲಿ ಏಳು ಅಂದ್ರೆ ಕಮ್ಮಿ ತಣ್ಣಗೆ. ಇದನ್ನ ಮಾಡ್ದೋನು ಮನೇಲಿ ಹೆಂಗಸರನ್ನ ಒಂದು ಮಾತು ಕೇಳಬಾರದಿತ್ತಾ?" ಅಂದಿರಿ.

ನಾನು ಲೆಕ್ಕದ ಟೀಚರು, ನಕ್ಕುಬಿಟ್ಟೆ. ನಿಮಗೆ ಕೋಪ ಬಂತು. ಆದರೆ ಕೋಪ ಬಂದರೆ ನೀವು ಸುಮ್ಮನೆ ಕೂರುವವರಾ? ಅವತ್ತಿಂದಲೇ ಫ್ರಿಜ್ಜಿನ ಜೊತೆ ಬಂದ ಪುಸ್ತಕಕ್ಕೆ ದಾರ ಪೋಣಿಸಿ, ಅಡುಗೆಮನೆ ಗೋಡೆಯಲ್ಲಿ ಪಂಚಾಂಗ ತೂಗುಹಾಕಿದ್ದ ಮೊಳೆಗೇ ಅದನ್ನೂ ಹಾಕಿದಿರಿ. ಇಂಗ್ಲಿಷು ಬಾರದಿದ್ದರೇನು, ಸಾಯಂಕಾಲ ಪುಟ್ಟಿಯನ್ನು ಕೂರಿಸಿಕೊಂಡು ಒಂದೊಂದು ಗುರುತಿಗೂ ಅರ್ಥ ಕೇಳಿಕೊಂಡಿರಿ. ಬೀಗದ ಚಿತ್ರ ಬಂದರೆ ಗುಂಡಿಗಳು ಕೆಲಸ ಮಾಡುವುದಿಲ್ಲ. ಪೀಂ ಪೀಂ ಅಂದರೆ ಬಾಗಿಲು ಸರಿಯಾಗಿ ಹಾಕಿಲ್ಲ. ಬೆಳಿಗ್ಗೆ ಎದ್ದು ಪಂಚಾಂಗದಲ್ಲಿ ತಿಥಿ ನಕ್ಷತ್ರ ನೋಡಿ, ಹಾಗೇ ಕತ್ತು ತಿರುಗಿಸಿ ಫ್ರಿಜ್ಜಿನ ಅಂಕಿಯನ್ನೂ ಒಂದು ಸಲ ಓದಿ, ಆಮೇಲೆ ಒಲೆ ಹಚ್ಚುತ್ತಿದ್ದಿರಿ.

ಕರೆಂಟು ಹೋಗಿ ಬಂದಾಗಲೆಲ್ಲ H ಅಂತ ಒಂದು ಅಕ್ಷರ ಮಿನುಗುತ್ತಿತ್ತು. ಒಳಗೆ ಬಿಸಿ ಏರಿದೆ, ನೋಡಿಕೊಳ್ಳಿ ಅಂತ ಅದರ ಅರ್ಥ. ನಿಮ್ಮ ಬಾಯಲ್ಲಿ ಅದು ಜ್ವರ. ಜ್ವರ ಬಂದಿದೆ, ಇಳಿಯೋವರೆಗೂ ಯಾರೂ ಬಾಗಿಲು ತೆಗೀಬೇಡಿ ಅಂತ ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಿದ್ದಿರಿ. ಒಂದು ಸಲ ನನ್ನ ಸ್ಕೂಲಿನ ಟೀಚರುಗಳು ಮನೆಗೆ ಬಂದಿದ್ದಾಗಲೂ ಹಾಲು ತೆಗೆಯಲು ಬಿಡದೆ, ಅವರಿಗೆಲ್ಲ ಪಾನಕ ಕುಡಿಸಿ ಕಳಿಸಿದಿರಿ. ನನಗೆ ನಾಚಿಕೆಯಾಗಿ ಭೂಮಿ ಬಾಯಿಬಿಡಬಾರದಾ ಅನ್ನಿಸಿತ್ತು. ಅವರು ಇವತ್ತಿಗೂ ಸ್ಟಾಫ್ ರೂಮಿನಲ್ಲಿ ಆ ಪಾನಕದ ಮಾತೆತ್ತಿ ನಗುತ್ತಾರೆ. ಈಗಲೂ ಕರೆಂಟು ಹೋಗುತ್ತದೆ, ಬರುತ್ತದೆ, H ಮಿನುಗುತ್ತದೆ. ನಾನು ಗುಂಡಿ ಒತ್ತಿ ಆರಿಸುತ್ತೇನೆ. ಬಾಗಿಲು ತೆಗೆಯಬೇಡಿ ಅಂತ ಬೈಯುವವರಿಲ್ಲದೆ, ನಾನೇ ಪೆದ್ದಿಯ ಹಾಗೆ ಅದರ ಮುಂದೆ ಸ್ವಲ್ಪ ಹೊತ್ತು...

ಕಳೆದ ಜನವರಿಯ ಒಂದು ಶನಿವಾರದ ಮಾತು ಹೇಳುತ್ತೇನೆ. ಗಾಂಧಿ ಬಜಾರಿಗೆ ಹೋಗಿ ನೀವೇ ಮುಟ್ಟಿ, ಮೂಸಿ, ಸೊಗಡಿಲ್ಲದ್ದನ್ನು ಮುಖಕ್ಕೆ ಹೊಡೆದಂತೆ ವಾಪಸು ಮಾಡಿ ಚೀಲದ ತುಂಬ ಅವರೆಕಾಯಿ ತಂದಿರಿ. ಬಿಡಿಸಿದ ಕಾಳು ನೆನೆಸಿ, ಮಾರನೇ ದಿನ ನಡುಮನೆಯಲ್ಲಿ ಪೇಪರು ಹರಡಿ ಹಿತಕಲು ಕೂತಿರಿ. ನಾನು ಪಕ್ಕದಲ್ಲಿ ಮಕ್ಕಳ ಟೆಸ್ಟ್ ಪೇಪರು ತಿದ್ದುತ್ತಿದ್ದೆ. ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆ ನಿಮ್ಮ ಕೈಯಲ್ಲೇ ಉಳಿದು ಬೇಳೆ ಚಿಮ್ಮುತ್ತಿತ್ತಲ್ಲ, ಅದರಲ್ಲಿ ಒಂದು ಬಂದು ನನ್ನ ಕೆಂಪು ಶಾಯಿಯ ಮೇಲೆ ಬಿತ್ತು. ನೀನು ಸೊನ್ನೆ ಕೊಡ್ತಾ ಇದ್ದೆ ನೋಡು, ನನ್ನ ಬೇಳೆ ತಡೀತು ಅಂತ ನಕ್ಕಿರಿ. ಸಾಯಂಕಾಲ ಬೇಳೆಯನ್ನು ಹಾಲಿನ ಕವರುಗಳಿಗೆ ತುಂಬಿ, ದಾರ ಕಟ್ಟಿ ಫ್ರೀಜರಿಗೆ ಹಾಕಿದಿರಿ. ಕಾಲ ಮುಗಿದ ಮೇಲೆ ತಿನ್ನಬೇಕು, ಆಗ ಗೊತ್ತಾಗುತ್ತೆ ಅದರ ಬೆಲೆ ಅಂದಿರಿ. ಒಂದೊಂದೇ ಕವರು ಖಾಲಿಯಾಗುತ್ತ ಬಂತು. ಒಂದೇ ಒಂದು ಉಳಿದಿತ್ತು. ಅಷ್ಟರಲ್ಲಿ ಬೇಸಿಗೆ ಶುರುವಾಯಿತು. ಒಂದು ಬೆಳಿಗ್ಗೆ ಕಾಫಿ ಕುಡಿದ ಲೋಟ ಕೆಳಗಿಟ್ಟು, ಯಾಕೋ ಎದೆ ಹಿಡಿದ ಹಾಗಿದೆ ಕಣೆ ಅಂದಿರಿ. ಆಟೋ ತರಲು ನಿಮ್ಮ ಮಗ ಬೀದಿಯ ತುದಿಗೆ ಹೋಗಿ ಬರುವಷ್ಟರಲ್ಲಿ...

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ನಾನು ಫ್ರೀಜರು ತೆಗೆದೆ. ಕವರು ಅಲ್ಲೇ ಇತ್ತು. ನಿಮ್ಮ ಬೀರು ಖಾಲಿಯಾಗಿತ್ತು. ಸೀರೆಗಳನ್ನು ನಿಮ್ಮ ತಂಗಿಯರಿಗೆ ಕೊಟ್ಟಾಗಿತ್ತು. ನಿಮ್ಮ ಕೈಯಿಂದ ಆದ ಉಪ್ಪಿನಕಾಯಿ, ಸಾರಿನಪುಡಿ ಎಲ್ಲ ಆ ಹದಿಮೂರು ದಿನದ ಓಡಾಟದಲ್ಲಿ ಮುಗಿದಿತ್ತು. ನಿಮ್ಮ ಕೈ ಹಿತಕಿದ ಬೇಳೆ, ನಿಮ್ಮ ಕೈ ಬಿಗಿದ ಗಂಟು, ಇದೊಂದೇ ಉಳಿದದ್ದು. ಅದನ್ನು ಹೇಗೆ ಬೇಯಿಸಲಿ ಹೇಳಿ? ಬೇಯಿಸಿದರೆ ಒಂದು ಹೊತ್ತಿನ ಊಟ, ಅಲ್ಲಿಗೆ ಮುಗಿಯಿತು. ಪುಟ್ಟಿ ಎರಡು ಮೂರು ಸಲ ಕೇಳಿದಳು. ನಾನು ಇವತ್ತು ಬೇಡ, ಹಬ್ಬಕ್ಕೆ ನೋಡೋಣ ಅಂತ ಸಾಗಹಾಕಿದೆ. ಯುಗಾದಿ ಹೋಯಿತು, ಗೌರಿ ಗಣೇಶ ಹೋಯಿತು. ಐಸು ತೆಗೆಯುವಾಗಲೆಲ್ಲ ಆ ಕವರನ್ನು ಒಂದು ಸಲ ಮುಟ್ಟುತ್ತಿದ್ದೆ. ಹೋದವರು ಬೇಕು ಬೇಕು ಅನ್ನಿಸಿದಾಗ ಬೇರೆಯವರು ಫೋಟೋ ಮುಂದೆ ನಿಲ್ಲುತ್ತಾರೆ. ನಾನು ಫ್ರೀಜರಿನ ಬಾಗಿಲು ತೆಗೆಯುತ್ತಿದ್ದೆ ಅತ್ತೆ. ನಗಬೇಡಿ.

ಹೋದ ವಾರ ಕಾಫಿಗೆ ಹಾಲು ತೆಗೆಯಲು ಹೋದೆ. ಬಾಗಿಲಲ್ಲಿ 3 ಇರಲಿಲ್ಲ. Er ಅಂತ ಒಂದು ಸಲ, FF ಅಂತ ಇನ್ನೊಂದು ಸಲ, ಬದಲಾಯಿಸಿ ಬದಲಾಯಿಸಿ ಮಿನುಗುತ್ತಿತ್ತು. ಇಂಥದ್ದನ್ನು ನೀವೂ ಕಂಡಿರಲಿಲ್ಲ. ನಿಮ್ಮ ಮಗ ಬಂದು ಕನ್ನಡಕ ಏರಿಸಿ ನೋಡಿ, FF ಅಂದರೆ ಫಾಸ್ಟ್ ಫ್ರೀಜು, ಯಾರೋ ಗುಂಡಿ ಒತ್ತಿದ್ದೀರಿ, ಬೇಗ ಬೇಗ ತಣ್ಣಗಾಗುತ್ತಿದೆ, ಒಳ್ಳೆಯದೇ ಆಯಿತು ಬಿಡು ಅಂದರು. ಅವರು ಅಷ್ಟು ಧೈರ್ಯವಾಗಿ ಹೇಳಿದರೆ ಎಂಥವರೂ ನಂಬಬೇಕು. ನಾನೂ ನಂಬಿದೆ. ಸಾಯಂಕಾಲ ಪುಟ್ಟಿ ಐಸ್ ಕ್ರೀಮಿನ ಡಬ್ಬಿ ತೆಗೆದರೆ ಅದು ಪಾಯಸವಾಗಿತ್ತು.

ನಾನು ಮೊದಲು ಕೈ ಹಾಕಿದ್ದು ಕವರಿಗೆ. ಹೊರಗೆ ಮೆತ್ತಗಾಗಿತ್ತು, ನಡುವೆ ಮಾತ್ರ ಇನ್ನೂ ಗಟ್ಟಿ. ಮೊಳೆಯಿಂದ ಪುಸ್ತಕ ಇಳಿಸಿ ಹಾಳೆ ತಿರುವಿದೆ. ಕೊನೆಯಲ್ಲಿ ಅಕ್ಷರಗಳ ಒಂದು ಪಟ್ಟಿ, ಅದರಲ್ಲಿ Er FF ಎದುರಿಗೆ ಫ್ರೀಜರಿನ ಫ್ಯಾನು ನಿಂತಿದೆ, ಸರ್ವಿಸಿನವರನ್ನು ಕರೆಯಿರಿ ಅಂತ ಇತ್ತು. ಫೋನು ಮಾಡಿದರೆ ನಾಡಿದ್ದು ಬರುತ್ತೇವೆ ಅಂದರು. ಎದುರುಮನೆಯವರ ಫ್ರೀಜರಿನಲ್ಲಿಡೋಣ ಅಂದರೆ ಅವರ ಮನೆಗೆ ಸುಣ್ಣ ಬಣ್ಣ ನಡೆಯುತ್ತಿತ್ತು, ಫ್ರಿಜ್ಜನ್ನು ಆಫ್ ಮಾಡಿ ಹಜಾರದಲ್ಲಿ ನಿಲ್ಲಿಸಿದ್ದರು. ಜ್ಯೂಸ್ ಅಂಗಡಿಯಿಂದ ಐಸು ತರಿಸಿ, ಕುಕ್ಕರಿನಲ್ಲಿ ತುಂಬಿ, ನಡುವೆ ಕವರು ಹೂತು, ಮೇಲೆ ಹಳೆಯ ಕಂಬಳಿ ಸುತ್ತಿದೆ. ಐಸು ಕರಗಿದಂತೆಲ್ಲ ಮತ್ತೆ ಮತ್ತೆ ತರಿಸಿದೆ. ನಿಮ್ಮ ಮಗ ಕಂಬಳಿ ಹೊದ್ದ ಕುಕ್ಕರನ್ನೂ ನನ್ನನ್ನೂ ನೋಡಿ, ಒಂದು ಹಿಡಿ ಬೇಳೆಗೆ ಇಷ್ಟೊಂದಾ ಅಂತ ಶುರು ಮಾಡಿದವರು ನನ್ನ ಮುಖ ಕಂಡು ಐಸು ತರುವ ಚೀಲ ಹಿಡಿದು ಹೊರಟರು.

ಭಾನುವಾರ ಬೆಳಿಗ್ಗೆ ಸರ್ವಿಸಿನವರು ಬಂದರು. ಒಳಗಿನ ಸಾಮಾನೆಲ್ಲ ಇಳಿಸಿ, ಫ್ರೀಜರಿನ ಹಿಂಬದಿಯ ಬಿಳಿ ಹಲಗೆ ಬಿಚ್ಚಿದರು. ಅದರ ಹಿಂದೆ ಪುಟ್ಟ ಫ್ಯಾನು. ಅವರು ಟಾರ್ಚು ಬಿಟ್ಟು ನೋಡಿ, ಇಕ್ಕಳದಿಂದ ಏನೋ ಎಳೆದು, ಅಂಗೈ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದರು. "ಮೇಡಂ, ಇದು ಹುಲ್ಲು. ಫ್ರೀಜರ್ ಒಳಗೆ ಹುಲ್ಲು ಹೆಂಗೆ ಬಂತು?"

ಹುಲ್ಲಲ್ಲ ಅತ್ತೆ, ದರ್ಭೆ. ನೋಡಿದ ಕ್ಷಣವೇ ಎಲ್ಲ ನೆನಪಾಯಿತು. ಬೇಳೆ ಕಟ್ಟಿಟ್ಟ ಸ್ವಲ್ಪ ದಿನಕ್ಕೇ ಒಂದು ಗ್ರಹಣ ಬಂದಿತ್ತಲ್ಲ? ನೀವು ಎಂದಿನಂತೆ ಹಾಲಿಗೆ, ಮೊಸರಿಗೆ, ಉಪ್ಪಿನಕಾಯಿ ಜಾಡಿಗೆ, ಕುಡಿಯುವ ನೀರಿಗೆ ಒಂದೊಂದು ದರ್ಭೆ ಹಾಕಿದಿರಿ. ಆಮೇಲೆ ಫ್ರೀಜರು ತೆಗೆದು ಕವರುಗಳ ಮೇಲೂ ಇಟ್ಟಿರಿ. ಹಿಂದಿನ ಸೀಳುಗಳಿಂದ ಗಾಳಿ ಬರುವುದು ಕಂಡು, ದೋಷ ಬರುವುದಾದರೆ ಇಲ್ಲಿಂದಲೇ ತಾನೆ ಬರೋದು ಅಂತ ಅಲ್ಲಿಗೂ ಒಂದೆರಡು ಸಿಕ್ಕಿಸಿದಿರಿ. ಐಸು ಮಾಡೋ ಯಂತ್ರಕ್ಕೂ ಗ್ರಹಣವಾ ಅಂತ ನಾನು ಛೇಡಿಸಿದ್ದೆ. ಗ್ರಹಣ ಬಿಟ್ಟ ಮೇಲೆ ನೀವು ಎಲ್ಲವನ್ನೂ ತೆಗೆದು ಹಾಕಿದ್ದಿರಿ. ಒಂದು ಎಸಳು ಮಾತ್ರ ಸೀಳಿನಿಂದ ಒಳಗೆ ಜಾರಿ, ಐಸಿನಲ್ಲಿ ಅಂಟಿಕೊಂಡು ಇಷ್ಟು ತಿಂಗಳು ಕೂತಿತ್ತು. ಹೋದ ವಾರ ಅದು ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡಿತ್ತು. ನಿಮ್ಮ ಮಗ ಮೊದಲು ಗಟ್ಟಿಯಾಗಿ ನಕ್ಕರು. ಆಮೇಲೆ ಆ ಎಸಳನ್ನು ಸರ್ವಿಸಿನವರ ಕೈಯಿಂದ ಇಸಿದುಕೊಂಡು, ಯಾರ ಮುಖವನ್ನೂ ನೋಡದೆ ಹಿತ್ತಲಿಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ನಾನೂ ಕರೆಯಲಿಲ್ಲ.

ಹಲಗೆ ಮುಚ್ಚಿ ಸ್ವಿಚ್ಚು ಹಾಕಿದ ಮೇಲೆ ಬಾಗಿಲಲ್ಲಿ H ಬಂತು. ಇನ್ನು ಸಾಯಂಕಾಲಕ್ಕೆ ಐಸು ಕಟ್ಟುತ್ತೆ, ಏನೂ ತೊಂದರೆಯಿಲ್ಲ ಅಂದರು ಸರ್ವಿಸಿನವರು. ನಾನು ಕುಕ್ಕರಿನಿಂದ ಕವರು ತೆಗೆದು ತಂದೆ. ಪೂರ್ತಿ ಕರಗಿತ್ತು, ಬೇಳೆ ಬೇಳೆ ಬಿಡಿಯಾಗಿ ಕೈಗೆ ಸಿಗುತ್ತಿತ್ತು. ಅದನ್ನು ಮತ್ತೆ ಒಳಗಿಡುತ್ತಿರುವುದು ನೋಡಿ ಅವರು, ಒಂದು ಸಲ ಕರಗಿದ್ದನ್ನು ಮತ್ತೆ ಇಟ್ಟರೆ ಆಮೇಲೆ ತಿನ್ನುವುದಕ್ಕೆ ಬರುವುದಿಲ್ಲ, ಇವತ್ತೇ ಮಾಡಿಬಿಡಿ ಅಂದರು. ತಿನ್ನುವುದಕ್ಕಲ್ಲ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ತಿನ್ನುವುದಕ್ಕಲ್ಲದಿದ್ದರೆ ಮತ್ಯಾಕೆ? ಸುಮ್ಮನೆ ಇರಲಿ ಅಂತ. ಕೆಟ್ಟರೂ ಚಿಂತೆಯಿಲ್ಲ, ಕಲ್ಲಿನ ಹಾಗೆ ಅಲ್ಲೇ ಇರಲಿ, ನನ್ನ ಕೈಗೆ ಸಿಗುತ್ತಿರಲಿ ಅಂತ. ಅವರು ಹೊರಟ ಮೇಲೂ ನಾನು ಕವರು ಹಿಡಿದು ನಿಂತೇ ಇದ್ದೆ.

ಪುಟ್ಟಿ ಬಂದು ಪಕ್ಕದಲ್ಲಿ ನಿಂತಳು. ಈಗ ನನಗಿಂತ ಎತ್ತರ ಆಗಿದ್ದಾಳೆ, ನಿಮಗೆ ಗೊತ್ತಿಲ್ಲ. "ಅಜ್ಜಿ ಇದನ್ನ ನೋಡ್ಕೊಂಡಿರೋಕೆ ಇಟ್ಟಿದ್ದಲ್ಲಮ್ಮ. ನಾವು ತಿನ್ಲಿ ಅಂತ ಇಟ್ಟಿದ್ದು," ಅಂದಳು. ಅಷ್ಟೇ. ನನಗೆ ರೇಗಿತು, ನಿಜ ಹೇಳುತ್ತೇನೆ. ನಿಮ್ಮ ಹಾಗೇ ಮಾತಾಡುತ್ತಾಳೆ, ಎದುರು ಹೇಳಲು ಏನೂ ಉಳಿಸುವುದಿಲ್ಲ.

ದಾರದ ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಕತ್ತರಿ ಹಾಕಲು ಮನಸ್ಸಾಗಲಿಲ್ಲ, ಉಗುರಿನಿಂದಲೇ ಬಿಡಿಸಿದೆ. ನೀವು ಮಾಡುತ್ತಿದ್ದ ಹಾಗೇ ಕೊತ್ತಂಬರಿಬೀಜ, ಮೆಣಸಿನಕಾಯಿ, ಚೂರು ಚಕ್ಕೆ ಹುರಿದು ಕಾಯಿ ಜೊತೆ ರುಬ್ಬಿ ಹುಳಿ ಮಾಡಿದೆ. ಬೇಳೆ ಬೇಯುವಾಗ ಸೊಗಡು ಎದ್ದಿತು ನೋಡಿ, ಬೀದಿಯಲ್ಲಿ ಎಲ್ಲೂ ಅವರೆಕಾಯಿ ಇಲ್ಲದ ಕಾಲದಲ್ಲಿ, ಜನವರಿಯ ಮನೆ ಪೂರ್ತಿ ವಾಪಸು ಬಂದ ಹಾಗಾಯಿತು. ಒಲೆ ಮುಂದೆ ನಿಂತು ಚೆನ್ನಾಗಿ ಅತ್ತುಬಿಟ್ಟೆ. ಸೌಟು ಕೈಯಲ್ಲಿದ್ದಿದ್ದರಿಂದ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ. ಅಳು ಮುಗಿದ ಮೇಲೆ ಉಪ್ಪು ಹಾಕಿದೆನೋ ಇಲ್ಲವೋ ಮರೆತುಹೋಯಿತು. ಪುಟ್ಟಿಯನ್ನು ಕರೆದು ರುಚಿ ನೋಡಿಸಿದೆ. ಹಾಕಿದ್ದೆ.

ಅಪ್ಪ ಮಗಳು ಊಟಕ್ಕೆ ಕೂತರು. ನಿಮ್ಮ ಮಗನ ಕಣ್ಣು ಇನ್ನೂ ಕೆಂಪಗಿತ್ತು, ನಾವಿಬ್ಬರೂ ನೋಡದ ಹಾಗೆ ಮಾಡಿದೆವು. ಮೊದಲ ತುತ್ತು ಬಾಯಿಗಿಟ್ಟು ತಲೆ ಎತ್ತದೆ ತಿಂದರು. ಎರಡನೇ ಸಲ ಹಾಕಿಸಿಕೊಂಡರು. ಪುಟ್ಟಿ ಬೆರಳು ನೆಕ್ಕಿದಳು. ಮೂರನೇ ಸಲ ನಿಮ್ಮ ಮಗ ತಟ್ಟೆ ಮುಂದೆ ಚಾಚಿದಾಗ ನಾನು ಪಾತ್ರೆಯ ತಳ ನೋಡಿ, ಸೌಟು ಹಿಂದಕ್ಕೆ ತೆಗೆದುಕೊಂಡೆ.

"ಸಾಕು ರೀ, ಅತ್ತೆಗೆ ಇರಲಿ," ಅಂದೆ.

ಬಾಯಿಂದ ಹಾಗೇ ಬಂದುಬಿಟ್ಟಿತು. ನೀವು ಎಲ್ಲರಿಗೂ ಬಡಿಸಿ, ಅಡುಗೆಮನೆ ಒರೆಸಿ, ಕಡೆಗೆ ಕೂರುವವರು. ನಿಮ್ಮ ಮಗ ರುಚಿಯಾದದ್ದು ಕಂಡರೆ ತಳ ಕಾಣುವವರೆಗೂ ಬಿಡುವವರಲ್ಲ. ಈ ಮನೆಗೆ ಬಂದ ಹೊಸತರಿಂದಲೂ ನಾನು ಹೀಗೇ ಸೌಟು ಹಿಡಿದು ನಿಮ್ಮ ಪಾಲು ಉಳಿಸಿದವಳು. ಆ ಮಾತು ನಾನು ಹೇಳುವುದಲ್ಲ ಅತ್ತೆ, ನನ್ನ ಕೈ ಹೇಳುವುದು. ಪುಟ್ಟಿ ತಲೆ ತಗ್ಗಿಸಿದಳು. ನಿಮ್ಮ ಮಗ ತಟ್ಟೆ ಹಿಂದಕ್ಕೆ ಎಳೆದುಕೊಂಡರು.

"ಹೂಂ. ಅಮ್ಮನಿಗೆ ಇರಲಿ," ಅಂದರು. ಹೇಳಿ ಮೊಸರು ಹಾಕಿಸಿಕೊಂಡರು.

ಇನ್ನು ಫ್ರೀಜರಿನಲ್ಲಿ ನಿಮ್ಮದು ಅಂತ ಏನೂ ಇಲ್ಲ. ಬರುವ ಜನವರಿಗೆ ಗಾಂಧಿ ಬಜಾರಿಗೆ ನಾನೇ ಹೋಗುತ್ತೇನೆ, ಸೊಗಡು ಮೂಸಿಯೇ ತರುತ್ತೇನೆ, ನಾನೂ ಪುಟ್ಟಿಯೂ ಕೂತು ಹಿತಕುತ್ತೇವೆ. ನಿಮ್ಮಷ್ಟು ಚುರುಕಾಗಿ ಆಗುವುದಿಲ್ಲ, ಅರ್ಧ ಬೇಳೆ ಒಡೆದುಹೋಗಬಹುದು. ಬೈದುಕೊಳ್ಳಿ.

ಅವತ್ತು ಅವರಿಬ್ಬರೂ ಎದ್ದು ಹೋದ ಮೇಲೆ ನಾನು ಅಡುಗೆಮನೆ ಒರೆಸಿದೆ. ಪಾತ್ರೆಗಳನ್ನು ತೊಳೆಯಲು ಹಾಕಿದೆ. ಆಮೇಲೆ ಒಬ್ಬಳೇ ಕೂತು ನಿಮ್ಮ ಪಾಲು ಊಟ ಮಾಡಿದೆ.

ನಿಮ್ಮ ಸೊಸೆ,
ಶೈಲಾ